ಕಲ್ಲಿನ ಮನೆ ಎಂದು ಹೇಳಿದ ಊರು

ಅರಳುವ ಸುಣ್ಣದ ವಾಸನೆ ಎಲ್ಲಿ ಬಂದರೂ ಒಟ್ಟೀಲಿಯ ಕ್ರೆಮರ್‌ಗೆ ಮೊದಲು ಮೂಗು ಚುರುಗುಟ್ಟುತ್ತಿತ್ತು, ಆಮೇಲೆ ಬಾಲ್ಯದ ಒಂದು ಬೇಸಿಗೆ ಕಣ್ಮುಂದೆ ಬರುತ್ತಿತ್ತು. ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಬೇಸಿಗೆ ಅದು. ಮನೆಯ ಹಿಂದೆ ಗುಂಡಿ ತೋಡಿ ಸುಣ್ಣಕ್ಕೆ ನೀರು ಬಿಟ್ಟಿದ್ದರು. ಕುದಿಯುವ ಗಂಜಿಯ ಹಾಗೆ ಅದು ಗುಳುಗುಳು ಎನ್ನುತ್ತ ಆವಿ ಬಿಡುತ್ತಿತ್ತು. ಗಾರೆಗೆ ಕಲಸಲು ತಂದ ಹಸುವಿನ ಕೂದಲು ಪಕ್ಕದಲ್ಲೇ ಒದ್ದೆಯಾಗಿ ನಾರುತ್ತ ಬಿದ್ದಿತ್ತು. ಏಣಿಗಳ ಮೇಲೆ ನಿಂತ ಗಂಡಸರು ಮನೆಯ ತೊಲೆಕಂಬಗಳಿಗೆ ಕೊಡಲಿಯಿಂದ ಒಂದೇ ಸಮನೆ ಕಚ್ಚು ಹಾಕುತ್ತಿದ್ದರು. ನುಣುಪಾದ ಮರಕ್ಕೆ ಗಾರೆ ಹಿಡಿಯುವುದಿಲ್ಲ, ಗಾಯ ಮಾಡಿದರೆ ಹಿಡಿಯುತ್ತದೆ.

“ಅಪ್ಪಾ, ಮನೇಗೆ ನೋವಾಗಲ್ವಾ?” ಎಂದು ಕೇಳಿದ್ದಳು ಪುಟ್ಟ ಒಟ್ಟೀಲಿಯ.

“ನೋವಲ್ಲ ಪುಟ್ಟೀ, ಮರ್ಯಾದೆ ಬರ್ತಾ ಇದೆ,” ಎಂದಿದ್ದ ಅಪ್ಪ. “ಇನ್ಮೇಲೆ ಯಾರು ಕೇಳಿದ್ರೂ ಕಲ್ಲಿನ ಮನೆ ಅನ್ಬೇಕು. ಲೌಟರ್‌ಫೆಲ್ಡ್‌ನೋರು ಕೇಳಿದ್ರಂತೂ ಎರಡು ಸಲ ಅನ್ಬೇಕು.”

ಅಪ್ಪ ಆಗ ವೀಸೆನ್‌ರೋಡ ಊರಿನ ಮುಖ್ಯಸ್ಥ. ಊರಿನ ಮುಖ್ಯಸ್ಥನಾದವನು ಹಳೆಯ ಅಮಲ್ದಾರರ ಮನೆಯಲ್ಲಿ ಇರಬೇಕು ಎಂಬುದು ಹಿಂದಿನಿಂದ ಬಂದ ರೂಢಿ. ಮನೆಯ ಕೆಳಗಿನ ಅಂತಸ್ತು ನಿಜವಾಗಿಯೂ ಕಲ್ಲಿನದು. ಮೇಲಿನ ಎರಡು ಅಂತಸ್ತು ಮಾತ್ರ ಓಕ್ ಮರದ ಚೌಕಟ್ಟು. ಚೌಕಟ್ಟಿನ ನಡುವೆ ಕಡ್ಡಿ ಹೆಣೆದು, ಒಣಹುಲ್ಲು ಕಲಸಿದ ಮಣ್ಣು ಮೆತ್ತಿದ್ದು. ಆ ಸೀಮೆಯಲ್ಲಿ ಮರ ಕಾಣಿಸುವುದು ಬಡವರ ಮನೆಗೆ, ಹುಲ್ಲಿನ ಕಣಜಕ್ಕೆ, ದನದ ಕೊಟ್ಟಿಗೆಗೆ. ಗುಡ್ಡದ ಆಚೆಗಿನ ಲೌಟರ್‌ಫೆಲ್ಡ್‌ನಲ್ಲಿ ಅಮಲ್ದಾರರ ಮನೆ ಬುಡದಿಂದ ತುದಿಯವರೆಗೆ ಕಲ್ಲಿನದು. ಸಂತೆಯಲ್ಲಿ ಅಲ್ಲಿಯವರು ಸಿಕ್ಕರೆ “ನಿಮ್ಮ ಅಮಲ್ದಾರ ಕೊಟ್ಟಿಗೇಲಿ ಮಲಗ್ತಿದ್ನಂತೆ, ಹೌದಾ?” ಎಂದು ಹಲ್ಲು ಕಿಸಿಯುತ್ತಿದ್ದರು. ಅದನ್ನು ಕೇಳಿ ಕೇಳಿ ಸಾಕಾಗಿ ಅಪ್ಪ ಇಡೀ ಮನೆಗೆ ದಪ್ಪನೆಯ ಗಾರೆ ಹೊಡೆಸಿದ. ಗಾರೆ ಒಣಗಿದ ಮೇಲೆ ಕೆತ್ತಿ ಜೋಡಿಸಿದ ಕಲ್ಲುಗಳಂತೆ ಕಾಣಲಿ ಎಂದು ಬೂದು ಬಣ್ಣದಲ್ಲಿ ಗೆರೆ ಬರೆಸಿದ. ಅಟ್ಟದ ಒಳಮೈಗೂ ಹಲಗೆ ಬಡಿಸಿದ. ಊರಿನವರೆಲ್ಲ ಬಂದು ಏಣಿ ಹಿಡಿದರು, ಬಾನಿ ಎತ್ತಿಕೊಟ್ಟರು. ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ. ಕೆಲವು ಚಳಿಗಾಲಗಳು ಕಳೆಯುವಷ್ಟರಲ್ಲಿ ಆಡದೇ ಇರುವುದೇ ಅಭ್ಯಾಸವಾಯಿತು. ಆಮೇಲೆ ಹುಟ್ಟಿದವರಿಗೆ ಅದು ಕಲ್ಲಿನ ಮನೆಯೇ.

ಆ ಮನೆಯನ್ನು ಊರು ಎಂದೂ ಪೂರ್ತಿ ನಂಬಿದ್ದಿಲ್ಲ. ಊರಿಗೆ ಬರುವ ಮೂರು ದಾರಿಗಳಿಗೂ ಅದರ ಮೂರು ಕಿಟಕಿಗಳು ಮುಖಮಾಡಿದ್ದವು. ಹಳೆಯ ಅಮಲ್ದಾರರು ಪರದೆಯ ಹಿಂದೆ ಕೂತು ಯಾರ ಗಾಡಿಯಲ್ಲಿ ಎಷ್ಟು ಧಾನ್ಯ ಹೋಯಿತು ಎಂದು ನೋಡುತ್ತಿದ್ದರಂತೆ. ಉತ್ತರದ ಗೋಡೆಯಲ್ಲಿ ತಗ್ಗಾದ ಒಂದು ಬಾಗಿಲಿತ್ತು. ನೆರೆಯವನ ಮೇಲೆ ಚಾಡಿ ಹೇಳಬೇಕಾದವರು ಸಂಜೆಗತ್ತಲಲ್ಲಿ ಅಲ್ಲಿಗೆ ಬಂದು ತಟ್ಟುತ್ತಿದ್ದರು. ಒಳಗಿನಿಂದ ಅಮಲ್ದಾರರ ದನಿ ಬಹಳ ಮೃದುವಾಗಿ, “ಬಾಪ್ಪ, ಒಳಗ್ ಬಾ, ನಿನ್ನ ಒಳ್ಳೇದಕ್ಕೇ ಕೇಳ್ತಿರೋದು,” ಎನ್ನುತ್ತಿತ್ತಂತೆ. ಅಮಲ್ದಾರರು ಹೋಗಿ ಅರಣ್ಯಾಧಿಕಾರಿಗಳು ಬಂದರು, ಅವರು ಹೋಗಿ ತೆರಿಗೆಯವರು ಬಂದರು, ಆಮೇಲೆ ಊರಿನ ಮುಖ್ಯಸ್ಥರು ಬಂದರು. ಎರಡನೆಯ ಯುದ್ಧ ಮುಗಿದಾಗ ಪೂರ್ವದಿಂದ ಓಡಿಸಲ್ಪಟ್ಟ ಕುಟುಂಬಗಳನ್ನು ಕೋಣೆಗೊಂದರಂತೆ ಅಲ್ಲಿ ಇಳಿಸಿದರು. ಆ ಹಸಿವಿನ ಕಾಲದಲ್ಲಿ ಯಾರು ಕೂಡಿಟ್ಟ ಹಂದಿತೊಡೆ ಯಾರ ಹೊಟ್ಟೆ ಸೇರಿತು ಎಂಬ ಜಗಳ ಊರಿನಲ್ಲಿ ಇನ್ನೂ ಆರಿಲ್ಲ. ಯಾರು ಬಂದರೂ ಹೋದರೂ ಒಟ್ಟೀಲಿಯ ಮಾತ್ರ ಅಲ್ಲೇ ಉಳಿದಳು. ಊರಿನ ಶಾಲೆಗೆ ಟೀಚರಾದಳು, ಮದುವೆಯಾಗಲಿಲ್ಲ, ಊರಿಗೆಲ್ಲ ಅವಳು ಫ್ರಾಯ್ಲೈನ್, ಅಂದರೆ ಕುಮಾರಿ. ಅಪ್ಪ ತೀರಿಕೊಂಡ ಮೇಲೆ ಊರಿನ ಸಭೆ, “ಮೇಲಿನ ಎರಡು ಕೋಣೆ ನೀವು ಇರೋವರೆಗೂ ನಿಮ್ದೇ, ಫ್ರಾಯ್ಲೈನ್,” ಎಂದು ಬಾಯಿಮಾತಿನಲ್ಲಿ ಹೇಳಿ ಕೈಕುಲುಕಿತು. ಅಷ್ಟು ಸಾಕಾಗಿತ್ತು, ಆಗ.

ಈಗ ಆ ಸಭೆಯೇ ಇರಲಿಲ್ಲ. ಸರ್ಕಾರ ಸಣ್ಣ ಊರುಗಳನ್ನೆಲ್ಲ ಸೇರಿಸಿ ದೊಡ್ಡದು ಮಾಡುತ್ತೇನೆಂದು ಹೊರಟು ವೀಸೆನ್‌ರೋಡವನ್ನು ತೆಗೆದುಕೊಂಡು ಹೋಗಿ ಲೌಟರ್‌ಫೆಲ್ಡ್‌ನ ಜೋಳಿಗೆಗೆ ಹಾಕಿತ್ತು. ಶಾಲೆ ಮುಚ್ಚಿತು. ಮಕ್ಕಳನ್ನು ಗುಡ್ಡದಾಚೆ ಕರೆದೊಯ್ಯಲು ಬಸ್ಸು ಬಂತು. ಆ ಬಸ್ಸು ಅಮಲ್ದಾರರ ಮನೆಯ ಮುಂದೆ ತಿರುಗಲಾಗದೆ ದಿನಾ ಹಿಂದೆ ಹಿಂದೆ ಹೋಗುತ್ತ ಎದುರು ಮನೆಯ ಗೆಳತಿ ಗೆರ್ಲಿಂಡಳ ಬೇಲಿಯನ್ನು ತಿಕ್ಕುತ್ತಿತ್ತು. ಮನೆ ಕೆಡವಿ ಬಸ್ಸು ತಿರುಗುವ ಜಾಗ ಮಾಡಬೇಕು, ಒಟ್ಟೀಲಿಯಳಿಗೆ ಲೌಟರ್‌ಫೆಲ್ಡ್‌ನ ಹೊಸ ವೃದ್ಧಾಶ್ರಮದಲ್ಲಿ ಕೋಣೆ ಕೊಡಬೇಕು ಎಂದು ಅಲ್ಲಿನ ಸಭೆ ಯೋಚಿಸಿತು. ಅವಳು ಒಮ್ಮೆ ಹೋಗಿ ಆ ಕೋಣೆ ನೋಡಿಯೂ ಬಂದಿದ್ದಳು. ಹೊಸ ನೆಲದ ರಬ್ಬರು ವಾಸನೆ, ಕಿಟಕಿ ತೆರೆದರೆ ನಿಂತ ಕಾರುಗಳು. ತನ್ನ ಅಡುಗೆಮನೆಯ ಮೇಜಿನ ಮೇಲೆ ಬೀಳುವ ಬೆಳಗಿನ ಬಿಸಿಲನ್ನು, ಅಮ್ಮ ಕೊನೆಯುಸಿರೆಳೆದ ಆ ಕಿಟಕಿಯ ಮೂಲೆಯನ್ನು ಬಿಟ್ಟು ಅಲ್ಲಿ ಹೇಗೆ ಬದುಕುವುದು ಎಂಬುದು ಅವಳಿಗೆ ತಿಳಿಯಲಿಲ್ಲ.

ಕೆಡವುವ ಮೊದಲು ರಾಜ್ಯದ ಕಚೇರಿಯಿಂದ ಒಬ್ಬರು ಬಂದು ಹಳೆಯ ಕಟ್ಟಡಗಳನ್ನು ನೋಡಿ, ಯಾವುದು ಉಳಿಯಬೇಕು ಯಾವುದು ಬೇಡ ಎಂದು ಹೇಳಬೇಕಿತ್ತು. ಅವರು ಬಂದ ಸುದ್ದಿಯನ್ನು ತಂದವಳು ಗೆರ್ಲಿಂಡಳೇ. ಎದುರು ಮನೆಯ ಕಿಟಕಿಯಿಂದ ದಿಂಬು ಕೊಡವುತ್ತ ಕೂಗಿದಳು.

“ಒಟ್ಟೀ, ಬಂದ್ಳು ಕಣೇ! ಒಬ್ಳೇ. ಕ್ಯಾಮೆರಾ, ಬರೆಯೋ ಹಲಗೆ, ಗಂಡಸರ ಪ್ಯಾಂಟು. ಉತ್ತರದ ಸಮುದ್ರದ ಕಡೆಯೋಳಂತೆ, ನಮ್ಮ ಹಾಗೆ ಹೊತ್ತಿಗೊಂದು ನಮಸ್ಕಾರ ಇಲ್ಲ, ಬೆಳಿಗ್ಗೆನೂ ಸಂಜೇನೂ ಒಂದೇ.”

“ಯಾರ ಕಾರಲ್ಲಿ ಬಂದ್ಳು?”

“ಇನ್ಯಾರದು? ಲೌಟರ್‌ಫೆಲ್ಡ್ ಅಧ್ಯಕ್ಷಂದು!”

ಅಷ್ಟು ಸಾಕಾಯಿತು. ಒಟ್ಟೀಲಿಯ ಏಪ್ರನ್ ಕಟ್ಟಿಕೊಂಡು, ಈಗಷ್ಟೇ ಉಜ್ಜಿದ್ದ ಮೆಟ್ಟಿಲ ತುದಿಯಲ್ಲಿ ಕಾವಲುಗಾರಳಂತೆ ನಿಂತಳು.

ಬಂದವಳು ಫ್ರೌ ಥೋಮ್ಸನ್, ಅಂದರೆ ಶ್ರೀಮತಿ ಥೋಮ್ಸನ್. ಮೂವತ್ತೈದರ ಆಸುಪಾಸು, ಗಾಳಿಗೆ ಒಡೆದ ಕೆನ್ನೆ. ಒದ್ದೆ ಮೆಟ್ಟಿಲನ್ನು ನೋಡಿ ಕೆಳಗೇ ನಿಂತು ಬೂಟು ಬಿಚ್ಚಿ, ಕಾಲುಚೀಲದಲ್ಲೇ ಮೇಲೆ ಬಂದಳು. ಊರಿನವರು ಯಾರೂ ಹಾಗೆ ಮಾಡುವುದಿಲ್ಲ ಎಂಬುದು ಒಟ್ಟೀಲಿಯಳ ಮನಸ್ಸಿಗೆ ಬಂತು. ಸದ್ದಾಗದಂತೆ ಓಡಾಡಲು ಇದು ಒಳ್ಳೆಯ ಉಪಾಯ ಎಂಬುದೂ ಜೊತೆಯಲ್ಲೇ ಬಂತು.

ಫ್ರೌ ಥೋಮ್ಸನ್ ಕಿಟಕಿಯ ಅಂಚಿನಲ್ಲಿ ಕೈ ಇಟ್ಟು ಗೋಡೆಯ ದಪ್ಪ ನೋಡಿದಳು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದಳು. ಒಂದು ಕಡೆ ಟಕ್ ಎಂದಿತು, ಇನ್ನೊಂದು ಕಡೆ ಡಬ್ ಎಂದಿತು.

“ಮೇಲಿನ ಅಂತಸ್ತು ಯಾವುದರದ್ದು, ಫ್ರಾಯ್ಲೈನ್ ಕ್ರೆಮರ್?”

“ಕಲ್ಲಿಂದು.”

“ಗೋಡೆ ಬಹಳ ತೆಳು ಇದೆಯಲ್ಲ.”

“ನಮ್ಮ ಕಡೆ ಕಲ್ಲು ಗಟ್ಟಿ. ತೆಳುವಾದ್ರೂ ನಿಲ್ಲತ್ತೆ.”

ಫ್ರೌ ಥೋಮ್ಸನ್ ನಗಲಿಲ್ಲ. “ಮರದ ಚೌಕಟ್ಟೇನಾದ್ರೂ ಇದ್ರೆ ನಂಗೆ ಹೇಳಿ. ಮರದ್ದಾಗಿದ್ರೆ ಇದನ್ನ ಉಳಿಸಿ ಅಂತ ನಾನು ಬರೀಬಹುದು. ಇಷ್ಟು ಹಳೇ ಅಮಲ್ದಾರರ ಮನೆಗಳು ಮರದಲ್ಲಿ ಈಗ ಎಷ್ಟು ಉಳಿದಿವೆ ಹೇಳಿ. ಬರೀ ಗಾರೆ ಹೊಡೆದ ಕಲ್ಲಿನ ಮನೆ ಆದ್ರೆ ಅಂಥವು ಎಲ್ಲಾ ಊರಲ್ಲೂ ಇವೆ. ನಾನು ಏನೂ ಮಾಡಕ್ಕಾಗಲ್ಲ.”

ಮರದ ಮನೆಯನ್ನು ಉಳಿಸುವುದಂತೆ! ಲೌಟರ್‌ಫೆಲ್ಡ್‌ನಲ್ಲಿ ಉಳಿದ ನಾಲ್ಕಾರು ಮರದ ಮನೆಗಳಿಗೆ ಕಳೆದ ವರ್ಷವಷ್ಟೇ ಸಿಮೆಂಟು ಹಾಳೆ ಹೊಡೆದು, ಬ್ಯಾಂಡು ಬಾರಿಸಿ ಸಂಭ್ರಮಿಸಿದ್ದರು. ಎಲ್ಲರೂ ಮುಚ್ಚಿಡುವುದನ್ನು ಇವಳೊಬ್ಬಳು ಯಾಕೆ ಬೇಕು ಅನ್ನುತ್ತಾಳೆ? ಮರ ಎಂದು ಬಾಯಿಬಿಟ್ಟರೆ ಹುಳ ಹಿಡಿದಿದೆ, ಬೆಂಕಿಗೆ ಅಪಾಯ ಎಂದು ನಾಳೆಯೇ ಬೀಗ ಜಡಿಯುತ್ತಾರೆ. ತಗ್ಗುಬಾಗಿಲ ಹಿಂದೆ ಕೂತ ಅಮಲ್ದಾರರೂ ನಿನ್ನ ಒಳ್ಳೆಯದಕ್ಕೇ ಎಂದೇ ಕೇಳುತ್ತಿದ್ದದ್ದು.

“ಹೊರಗೆ ಒಂದು ಅಂಗೈಯಷ್ಟು ಗಾರೆ ತೆಗೆದು ನೋಡಿದ್ರೆ ಸಾಕು. ವಾಸ ಇರೋರು ಒಪ್ಪದೆ ನಾನು ತೆಗೆಯೋ ಹಾಗಿಲ್ಲ. ಕಣ್ಣಿಗೆ ಕಂಡಿದ್ದನ್ನ ಮಾತ್ರ ಬರೀಬೇಕು.”

“ಒಪ್ಪಲ್ಲ. ಅಂಗೈಯಷ್ಟು ತೂತು ಸಾಕು, ಮಳೆಗಾಲದಲ್ಲಿ ಗೋಡೆಯೊಳಗೆ ನೀರು ಇಳಿಯಕ್ಕೆ. ಆಮೇಲೆ ಮನೆ ತಾನಾಗೇ ಬಿತ್ತು ಅಂತೀರ. ಕಲ್ಲು ಅಂದೆನಲ್ಲ? ಕಲ್ಲು.”

ಎರಡು ಸಲ ಹೇಳಿದ್ದಾಯಿತು. ಫ್ರೌ ಥೋಮ್ಸನ್ ಕಾಲುಚೀಲದಲ್ಲೇ ಕೆಳಗಿಳಿದಳು. ಆಮೇಲೆ ಹಿತ್ತಿಲಲ್ಲಿ ಫೋಟೋ ತೆಗೆಯಲು ಜೆರೇನಿಯಂ ಕುಂಡಗಳನ್ನು ಪಕ್ಕಕ್ಕಿಟ್ಟವಳು, ಕೆಲಸ ಮುಗಿದ ಮೇಲೆ ಅವನ್ನು ಮೊದಲಿದ್ದಂತೆಯೇ ಜೋಡಿಸಿ, ಬಾಡಿದ್ದ ಒಂದಕ್ಕೆ ತನ್ನ ಬಾಟಲಿಯ ನೀರು ಹಾಕಿದಳು. ಪರದೆಯ ಹಿಂದಿನಿಂದ ನೋಡುತ್ತಿದ್ದ ಒಟ್ಟೀಲಿಯಳಿಗೆ ಸ್ವಲ್ಪ ನಾಚಿಕೆಯಾಯಿತು. ತಾನು ನೋಡುತ್ತಿರುವುದು ಅವಳಿಗೆ ಗೊತ್ತಿರಬೇಕು, ಅದಕ್ಕೇ ಹಾಗೆ ಮಾಡಿದಳು ಎಂದುಕೊಂಡ ಮೇಲೆ ನಾಚಿಕೆ ಹೋಯಿತು.

ಶುಕ್ರವಾರ ಊರ ಒಲೆಮನೆಯಲ್ಲಿ ರೊಟ್ಟಿ ಸುಡುವ ದಿನ. ಹೆಂಗಸರೆಲ್ಲ ಹಿಟ್ಟಿನ ಬುಟ್ಟಿ ಹಿಡಿದು ಸರದಿಗೆ ಕಾಯುತ್ತಿದ್ದರು. ಒಲೆ ಕಾಯುವ ಮೊದಲೇ ಮಾತು ಕಾದಿತ್ತು.

“ನನ್ನೂ ಕೇಳಿದ್ಳು,” ಎಂದಳು ಗೆರ್ಲಿಂಡ. “ಎರಡು ಮಾರು ದಪ್ಪ ಕಲ್ಲಮ್ಮಾ, ನೆಪೋಲಿಯನ್ನನ ಫಿರಂಗಿಗೇ ಬಗ್ಗಿಲ್ಲ ಅಂದೆ.”

“ನೆಪೋಲಿಯನ್ ಈ ಕಡೆ ಬಂದಿದ್ನಾ?”

“ಬರದೇ ಇದ್ದಿದ್ದಕ್ಕೇ ಬಗ್ಗಿಲ್ಲ!”

ಎಲ್ಲರೂ ನಕ್ಕರು. ಹಾಲಿನ ಡೈರಿಯವಳು, ತನ್ನ ಅಜ್ಜನೇ ಆ ಕಲ್ಲುಗಳನ್ನು ಗಾಡಿಯಲ್ಲಿ ಹೇರಿ ತಂದದ್ದೆಂದು ಹೇಳಿ ಕಳಿಸಿದ್ದಳಂತೆ. ಇಗರ್ಜಿಯ ಗಂಟೆ ಹೊಡೆಯುವವನು ಕಲ್ಲುಗಣಿಯ ದಿಕ್ಕನ್ನೂ ತೋರಿಸಿದ್ದನಂತೆ. ಒಬ್ಬೊಬ್ಬರೂ ಹೇಳಿ ಮುಗಿಸಿ, ಬಹುಮಾನ ಕಾಯುವ ಮಕ್ಕಳಂತೆ ಒಟ್ಟೀಲಿಯಳ ಮುಖ ನೋಡುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವಳು ಒಬ್ಬೊಬ್ಬರ ಕೈಯನ್ನೂ ಹಿಡಿದು ಅದುಮಿದಳು. ಇಷ್ಟೊಂದು ಜನ ತನಗಾಗಿ ಸುಳ್ಳು ಹೇಳಿದ್ದಾರಲ್ಲ ಎಂದು.

“ಒಬ್ಬನ್ನ ಮಾತ್ರ ನಂಬಬೇಡ ಕಣೇ,” ಎಂದು ಗೆರ್ಲಿಂಡ ಅವಳ ಕಿವಿಗೆ ಬಾಯಿಟ್ಟಳು. “ಹೈನರ್. ನಿನ್ನೆ ಅವಳ ಜೊತೆ ನಿಂತು ನಿನ್ ಮನೆ ಕಡೆ ಕೈ ತೋರಿಸ್ತಿದ್ದ. ನಾನು ಕಣ್ಣಾರೆ ನೋಡ್ದೆ. ಟ್ರ್ಯಾಕ್ಟರ್ ನಿಲ್ಸಕ್ಕೆ ಜಾಗ ಇಲ್ಲ ಅಂತ ವರ್ಷದಿಂದ ಗೋಳಾಡ್ತಿದಾನೆ.”

ಹೈನರ್ ಪಕ್ಕದ ಮನೆಯವನು, ಒಟ್ಟೀಲಿಯಳ ಹಳೆಯ ಶಿಷ್ಯ. ಲೆಕ್ಕದಲ್ಲಿ ದಡ್ಡ, ಆದರೆ ಗೂಡಿನಿಂದ ಬಿದ್ದ ಹಕ್ಕಿಮರಿಗಳನ್ನು ಜೇಬಿನಲ್ಲಿಟ್ಟುಕೊಂಡು ತರಗತಿಗೆ ಬರುತ್ತಿದ್ದವನು. ಪ್ರತಿ ವರ್ಷ ಅವನೇ ಅವಳ ಸೌದೆ ಸೀಳಿ ಜೋಡಿಸಿಡುತ್ತಿದ್ದ. ಈ ಸಲ ಯಾಕೋ ಬಹಳ ಬೇಗ ಮುಗಿಸಿದ್ದ. ಋಣ ತೀರಿಸಿಕೊಂಡು ಕೈ ತೊಳೆಯುವ ಆತುರವೇ? ಅವಳು ರೊಟ್ಟಿಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಅವನ ಅಂಗಳಕ್ಕೆ ಹೋದಳು.

“ಹೈನರ್, ಆ ಹೆಂಗಸಿಗೆ ಏನು ಹೇಳ್ದೆ?”

ಅವನು ಟ್ರ್ಯಾಕ್ಟರಿನ ಅಡಿಯಿಂದ ಎಣ್ಣೆಮುಖ ಹೊರಗೆ ಹಾಕಿದ. “ಯಾವ ಹೆಂಗಸಿಗೆ, ಫ್ರಾಯ್ಲೈನ್?”

“ನನ್ನ ಹತ್ರ ಆಟ ಆಡ್ಬೇಡ. ಮೂರನೇ ಕ್ಲಾಸಲ್ಲೂ ನಿಂಗೆ ಸುಳ್ಳು ಹೇಳಕ್ಕೆ ಬರ್ತಿರ್ಲಿಲ್ಲ.”

“ಕಲ್ಲು ಅಂದೆ. ಎಲ್ರೂ ಅಂದ್ರಲ್ಲ, ನಾನೂ ಅಂದೆ. ಮೇಲಿನ ಅಂತಸ್ತು ಯಾಕೆ ಮುಂದಕ್ಕೆ ಚಾಚಿದೆ ಅಂತ ಕೇಳಿದ್ಳು. ಹೊಟ್ಟೆ ಬಂದಿರ್ಬೇಕು, ವಯಸ್ಸಾಯ್ತಲ್ಲ ಅಂದೆ.”

“ಜಾಗ ಬೇಕಂತಲ್ಲ ನಿಂಗೆ.”

ಅವನು ಎದ್ದು ನಿಂತ. ಮುಖ ಕೆಂಪೇರಿತು. “ಯಾರು ಹೇಳಿದ್ರು ಗೊತ್ತು ಬಿಡಿ,” ಎಂದು ಎದುರಿನ ಕಿಟಕಿಯತ್ತ ನೋಡಿದ. “ನಿಮ್ಮ ಸೌದೆ ನೋಡಿದೀರಾ? ಬರೋ ವರ್ಷದ್ದೂ ಸೇರಿಸಿ ಒಟ್ಟಿದೀನಿ. ನಿಮ್ಮನ್ನ ಓಡಿಸೋನಿಗೆ ಯಾಕ್ರೀ ಆ ಕೆಲಸ?”

ಅವಳು ತಿರುಗಿ ಹೊರಟಳು. ಮನೆಗೆ ಹೋಗಿ ನೋಡಿದರೆ ಸೌದೆಯ ಸಾಲು ನಿಜವಾಗಿಯೂ ಗೋಡೆಯ ಉದ್ದಕ್ಕೂ, ಎಂದೂ ಇಲ್ಲದಷ್ಟು ಎತ್ತರಕ್ಕೆ ನಿಂತಿತ್ತು. ನಂಬಬೇಕು ಎನಿಸಿತು. ಪೂರ್ತಿ ನಂಬಲು ಆಗಲಿಲ್ಲ. ಆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಸುಲಭವಲ್ಲ.

ಮುಂದಿನ ವಾರ ಲೌಟರ್‌ಫೆಲ್ಡ್‌ನ ಅಧ್ಯಕ್ಷ ವೈಗಾಂಡ್ ತಾನೇ ಬಂದ. ದುಂಡನೆಯ, ಹಸನ್ಮುಖದ ಮನುಷ್ಯ. ಅವನ ಹಿಂದೆ ಸಭೆಯ ಇಬ್ಬರು ಸದಸ್ಯರು, ಕಾರಿನ ಚಾಲಕ, ಎಲ್ಲರಿಗಿಂತ ಹಿಂದೆ ಫ್ರೌ ಥೋಮ್ಸನ್. ಊರಿನವರು ಕೆಲಸ ಬಿಟ್ಟು ಮನೆಯ ಮುಂದೆ ಸೇರಿದರು. ಒಟ್ಟೀಲಿಯ ಹೊರಮೆಟ್ಟಿಲ ತುದಿಯ ಕಟ್ಟೆಯ ಮೇಲೆ, ತನ್ನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ವೈಗಾಂಡ್ ಟೋಪಿ ತೆಗೆದ. “ವೀಸೆನ್‌ರೋಡದ ಬಂಧುಗಳೇ, ಒಂದು ಮಾತು ಮೊದಲೇ ಹೇಳ್ತೀನಿ. ನಮ್ಮೂರೋರು ಹಿಂದೆ ನಿಮ್ಮ ಈ ಮನೆ ಬಗ್ಗೆ ಏನೇನೋ ಆಡ್ಕೊಂಡು ನಗ್ತಿದ್ರು. ತಪ್ಪು. ಇವತ್ತು ಎಲ್ಲರ ಮುಂದೆ ಒಪ್ಕೋತೀನಿ. ಇದು ಅಪ್ಪಟ ಕಲ್ಲಿನ ಮನೆ. ನಮ್ಮೂರಿನ ಅಮಲ್ದಾರರ ಮನೆಗಿಂತ ಒಂದು ಕೈ ಮೇಲು!”

ಜನರಲ್ಲಿ ಒಂದು ಸಂತೋಷದ ಗುಜುಗುಜು ಎದ್ದಿತು. ಗೆರ್ಲಿಂಡ ಎದೆ ಸೆಟೆಸಿ ಅತ್ತಿತ್ತ ನೋಡಿದಳು. ಗಂಟೆ ಹೊಡೆಯುವ ಮುದುಕ ಕಣ್ಣು ಒರೆಸಿಕೊಂಡ. ಲೌಟರ್‌ಫೆಲ್ಡ್‌ನ ಬಾಯಿಂದ ಈ ಮಾತು ಕೇಳಲು ಅಪ್ಪ ಏನು ಬೇಕಾದರೂ ಕೊಡುತ್ತಿದ್ದ.

“ಊರಿಗೆ ಊರೇ ಒಂದೇ ಬಾಯಲ್ಲಿ ಹೇಳಿದೆ, ಕಲ್ಲು ಅಂತ,” ವೈಗಾಂಡ್ ಮುಂದುವರಿಸಿದ. “ಕಚೇರಿಯೋರು ಹಾಗೇ ಬರ್ಕೊಂಡಿದಾರೆ. ಕಲ್ಲಿನ ಮನೆ ಉಳಿಸ್ಬೇಕು ಅಂತ ಕಾನೂನಿಲ್ಲ. ವಸಂತ ಬಂದ ಕೂಡ್ಲೇ ಕೆಲಸ ಶುರು. ಆ ಒಳ್ಳೇ ಕಲ್ಲುಗಳಲ್ಲೇ ಬಸ್ಸಿನ ಕಟ್ಟೆ ಕಟ್ಟೋಣ. ಫ್ರಾಯ್ಲೈನ್ ಕ್ರೆಮರ್‌ಗೆ ನಮ್ಮಲ್ಲಿ ಕೋಣೆ ಸಿದ್ಧ ಇದೆ.”

ಒಟ್ಟೀಲಿಯ ಅವನ ಮುಖವನ್ನೇ ನೋಡುತ್ತಿದ್ದಳು. ತರಗತಿಯಲ್ಲಿ ಯಾವ ಹುಡುಗನಾದರೂ ಕೇಳದೇ ಬಂದು ಕಪ್ಪುಹಲಗೆ ಒರೆಸಿದರೆ ಅವಳು ಮೊದಲು ಅವನ ಜೇಬು ನೋಡುತ್ತಿದ್ದಳು. ಲೌಟರ್‌ಫೆಲ್ಡ್‌ನವರು ವೀಸೆನ್‌ರೋಡದ ಒಂದು ಕೋಳಿಯನ್ನೂ ಹೊಗಳಿದವರಲ್ಲ. ಇಂದು ಅಧ್ಯಕ್ಷನೇ ಟೋಪಿ ತೆಗೆದು ತಮ್ಮ ಮನೆಗಿಂತ ಮೇಲು ಎನ್ನುತ್ತಿದ್ದಾನೆ. ಇದು ಕಲ್ಲಾಗಿರಲಿ ಎಂದು ಅವನಿಗೆ ಅಷ್ಟೊಂದು ಆಸೆ ಯಾಕೆ? ಫ್ರೌ ಥೋಮ್ಸನ್‌ಳತ್ತ ನೋಡಿದಳು. ಬರೆಯುವ ಹಲಗೆಯನ್ನು ಎದೆಗೆ ಒತ್ತಿಕೊಂಡು ಅವಳೊಬ್ಬಳೇ ತಲೆ ತಗ್ಗಿಸಿ ನಿಂತಿದ್ದಳು. ಆ ಕಡೆ ನಗು, ಈ ಕಡೆ ಬಾಡಿದ ಮುಖ. ಬಲೆ ಯಾವ ಕಡೆ ಇದೆ ಎಂದು ಒಟ್ಟೀಲಿಯಳಿಗೆ ಆಗ ಕಂಡಿತು. ಊರಿಗೆ ಊರೇ ಪ್ರೀತಿಯಿಂದ ಹಿಡಿದುಕೊಂಡಿದ್ದ ಬಲೆ ಅದು. ಒಂದು ತುದಿ ಅವಳ ಕೈಯಲ್ಲೇ ಇತ್ತು.

“ಮರದ್ದು,” ಎಂದಳು.

ಯಾರಿಗೂ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು, ಹಿಂದಿನ ಬೆಂಚಿಗೂ ಕೇಳುವ ತನ್ನ ಹಳೆಯ ದನಿಯಲ್ಲಿ ಹೇಳಿದಳು: “ಈ ಮನೆ ಮರದ್ದು. ಮೇಲಿನ ಎರಡೂ ಅಂತಸ್ತು ಮರ, ಮಣ್ಣು. ನಮ್ಮಪ್ಪ ಗಾರೆ ಹೊಡೆಸಿದ. ನಾನು ನೋಡಿದೀನಿ.”

ವೈಗಾಂಡ್‌ನ ನಗು ಒಂದು ಕ್ಷಣ ಅಲ್ಲೇ ನಿಂತು, ಮತ್ತೆ ಹರಡಿತು. “ಪಾಪ, ವಯಸ್ಸು. ಮನೆ ಬಿಡೋ ಸಂಕಟದಲ್ಲಿ ಏನಾದ್ರೂ ಅಂತಾರೆ. ಅಲ್ವೇನ್ರಪ್ಪ?”

“ಗೆರ್ಲಿಂಡ,” ಎಂದಳು ಒಟ್ಟೀಲಿಯ, “ಆವತ್ತು ನೀನೂ ಇದ್ದೆ. ನಿಮ್ಮಪ್ಪನ ಏಣಿ ಹಿಡ್ಕೊಂಡು ನಿಂತಿದ್ದೆ. ಕಣ್ಣಿಗೆ ಸುಣ್ಣ ಸಿಡಿದು ಅತ್ತೆ. ಹೇಳೇ.”

ಗೆರ್ಲಿಂಡಳ ಮುಖ ಕಲ್ಲಾಯಿತು. ಅವಳು ಲೌಟರ್‌ಫೆಲ್ಡ್‌ನ ಚಾಲಕನನ್ನು ನೋಡಿದಳು. ಅವನ ತುಟಿಯ ಅಂಚಿನಲ್ಲಿ ಆಗಲೇ ನಗು ಮೊಳೆಯುತ್ತಿತ್ತು. “ನಂಗೇನೂ ನೆನಪಿಲ್ಲ,” ಎಂದಳು. “ಕಲ್ಲಿನ ಮನೆ. ನಮ್ಮಪ್ಪನೂ ಹಾಗೇ ಅಂತಿದ್ದ, ನಿಮ್ಮಪ್ಪನೂ ಹಾಗೇ ಅಂತಿದ್ದ. ಸತ್ತೋರ ಮಾನ ಬೀದೀಲಿ ಹರಾಜು ಹಾಕ್ಬೇಡ ಕಣೇ ಒಟ್ಟಿ.”

ಜನರೆಲ್ಲ ನೆಲ ನೋಡತೊಡಗಿದರು. ಐವತ್ತು ವರ್ಷ ಕಲ್ಲು ಎಂದವರು ಬಂದ ಹೊಗಳಿಕೆಯನ್ನು ನಿಮಿಷದೊಳಗೆ ಹಿಂದಕ್ಕೆ ಕೊಡುವುದು ಹೇಗೆ?

ಆಗ ಹೈನರ್ ಗುಂಪಿನಿಂದ ಹೊರಟುಹೋದ. ಅವನೂ ಕೈಬಿಟ್ಟ ಎಂದುಕೊಂಡಳು ಒಟ್ಟೀಲಿಯ. ಆದರೆ ಅವನು ತನ್ನ ಸೌದೆ ಕೊಡಲಿ ಹಿಡಿದು ಬಂದು, ಮೆಟ್ಟಿಲು ಹತ್ತಿ, ಹಿಡಿಯನ್ನು ಅವಳ ಕಡೆ ಚಾಚಿದ.

“ನಂಗೆ ಗೊತ್ತಿಲ್ಲ, ಫ್ರಾಯ್ಲೈನ್. ನಾನು ಆಮೇಲೆ ಹುಟ್ಟಿದೋನು. ನೀವು ಹೇಳಿದ್ರೆ ನಿಜ ಇರ್ಬೇಕು.”

“ನಿಲ್ಲಿಸ್ರೀ!” ಎಂದ ವೈಗಾಂಡ್. “ಅದು ಸರ್ಕಾರಿ ಆಸ್ತಿ!”

ಫ್ರೌ ಥೋಮ್ಸನ್ ಮುಂದೆ ಬಂದಳು. “ವಾಸ ಇರೋರು ಒಪ್ಪಿದ್ರೆ ಅಂಗೈಯಷ್ಟು ತೆಗೆದು ನೋಡೋ ಅಧಿಕಾರ ನನ್ನ ಕಚೇರಿಗೆ ಇದೆ. ಒಪ್ತೀರಾ, ಫ್ರಾಯ್ಲೈನ್ ಕ್ರೆಮರ್?”

“ಒಪ್ತೀನಿ. ಆದ್ರೆ ನಾನೇ ತೆಗೀತೀನಿ.”

ಮೊದಲ ಏಟಿಗೆ ಅಪ್ಪ ಬರೆಸಿದ ಬೂದು ಗೆರೆ ಬಿರುಕುಬಿಟ್ಟಿತು. ಎರಡನೆಯದಕ್ಕೆ ಗಾರೆ ಹೊಪ್ಪಳೆ ಎದ್ದು ಮೆಟ್ಟಿಲ ಮೇಲೆ ಬಿತ್ತು. ಒಳಗಿನಿಂದ ಒಣ ಮಣ್ಣು, ಹುಲ್ಲಿನ ಎಸಳು, ಹೆಣೆದ ಕಡ್ಡಿ ಇಣುಕಿದವು. ಅವಳು ಕೊಡಲಿಯನ್ನು ಸ್ವಲ್ಪ ಎಡಕ್ಕೆ ಸರಿಸಿ ಮತ್ತೆ ಹೊಡೆದಳು. ಈ ಸಲ ಸದ್ದೇ ಬೇರೆ. ಗಾರೆ ಕಳಚಿದ ಜಾಗದಲ್ಲಿ ಕಪ್ಪಾಗಿ, ಗಟ್ಟಿಯಾಗಿ ಓಕ್ ಕಂಬ ನಿಂತಿತ್ತು. ಅದರ ಮೈತುಂಬ ಹಳೆಯ ಕೊಡಲಿ ಕಚ್ಚುಗಳು, ಮೀನಿನ ಹುರುಪೆಯ ಹಾಗೆ.

ಊರಿನವರು ಕತ್ತು ಚಾಚಿ ನೋಡಿದರು. ಲೌಟರ್‌ಫೆಲ್ಡ್‌ನ ಚಾಲಕ ಮಾತ್ರ ಕಾರಿಗೆ ಒರಗಿ ಹೇಳಿದ: “ಅಂತೂ ಕೊಟ್ಟಿಗೇನೇ!”

ಅವನ ನಗು ಬೀದಿಯ ತುದಿಯವರೆಗೂ ಕೇಳಿಸಿತು. ವೀಸೆನ್‌ರೋಡದವರ ಮುಖಗಳು ಒಂದೊಂದಾಗಿ ಮುಚ್ಚಿಕೊಂಡವು.

ಫ್ರೌ ಥೋಮ್ಸನ್ ಮೆಟ್ಟಿಲು ಹತ್ತಿ ಬಂದಳು. ಕಂಬದ ಹತ್ತಿರ ಕೈ ಒಯ್ದು, ತಡೆದು, “ಮುಟ್ಟಲಾ?” ಎಂದು ಕೇಳಿದಳು. ಒಟ್ಟೀಲಿಯ ತಲೆಯಾಡಿಸಿದ ಮೇಲೆಯೇ ಆ ಕಚ್ಚುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ತಿರುಗಿ, ಎಲ್ಲರಿಗೂ ಕೇಳುವಂತೆ, “ನನ್ನ ಕಚೇರಿಯಿಂದ ಉತ್ತರ ಬರೋವರೆಗೂ ಈ ಮನೇನ ಯಾರೂ ಮುಟ್ಟೋ ಹಾಗಿಲ್ಲ. ಇದು ಉಳಿಯಬೇಕು ಅಂತಲೇ ನಾನು ಬರೆಯೋದು,” ಎಂದಳು.

ವೈಗಾಂಡ್ ಟೋಪಿ ಹಾಕಿಕೊಂಡ. ಹಸನ್ಮುಖ ಎಲ್ಲಿ ಹೋಯಿತೋ. ಕಾರಿನ ಬಾಗಿಲು ದಡಾರನೆ ಮುಚ್ಚಿತು.

“ನಿಮ್ಮ ಮಾತೂ ಬಲೆ ಆಗಿದ್ರೆ?” ಎಂದು ಒಟ್ಟೀಲಿಯ ಮೆಲ್ಲಗೆ ಕೇಳಿದಳು.

“ಆಗಿದ್ರೆ ನನ್ನ ಕಚೇರಿಗೇ ಬಂದು ಬಯ್ಯಿರಿ. ಬರೋಕೆ ಬಸ್ಸಿದೆಯಲ್ಲ,” ಎಂದು ಮೊದಲ ಸಲ ನಕ್ಕಳು ಫ್ರೌ ಥೋಮ್ಸನ್. ಮಳೆ ಬಂದರೆ ನೀರು ಇಳಿಯದಿರಲಿ ಎಂದು ತನ್ನ ಮಳೆಯಂಗಿಯನ್ನೇ ತೂತಿನ ಮೇಲೆ ಹೊದಿಸಿ, ಹೈನರ್ ಕೊಟ್ಟ ಮೊಳೆಗಳಿಂದ ಜಡಿದು, ಮಳೆಯಂಗಿಯಿಲ್ಲದೆಯೇ ಬಸ್ಸಿನ ದಾರಿ ಹಿಡಿದಳು.

ಊರಿನವರು ಒಬ್ಬೊಬ್ಬರೇ ಚದುರಿದರು. ಡೈರಿಯವಳು ಹೋಗುವಾಗ ತಿರುಗಿ ನೋಡಲಿಲ್ಲ. ಗಂಟೆಯ ಮುದುಕ ತಲೆ ಅಲ್ಲಾಡಿಸುತ್ತ ಹೋದ. ಗೆರ್ಲಿಂಡ ತನ್ನ ಕಿಟಕಿಯ ಎರಡೂ ಬಾಗಿಲುಗಳನ್ನು ಎಳೆದು ಮುಚ್ಚಿದ ಸದ್ದು ಅಂಗಳ ದಾಟಿ ಬಂತು. ಒಟ್ಟೀಲಿಯ ಮೆಟ್ಟಿಲ ಮೇಲಿನ ಗಾರೆಯ ಚೂರುಗಳನ್ನು ಗುಡಿಸಿ ಬುಟ್ಟಿಗೆ ತುಂಬಿದಳು. ಗೆರೆ ಬರೆದಿದ್ದ ಒಂದು ತುಂಡನ್ನು ಎಸೆಯಲಾಗದೆ ಕಿಟಕಿಯ ಮೇಲಿಟ್ಟಳು. ಅಪ್ಪನಿಗೆ ಮಾಡಿದ್ದು ಸರಿಯೇ ತಪ್ಪೇ ಎಂದು ಕೇಳಿಕೊಂಡಳು. ಉತ್ತರ ಎರಡೂ ಕಡೆಯಿಂದ ಬಂತು. ಮನೆ ಬಹುಶಃ ಉಳಿಯುತ್ತದೆ. ಊರು ಉಳಿಯುತ್ತದೆಯೇ? ಶುಕ್ರವಾರ ಒಲೆಮನೆಯ ಸರದಿಯಲ್ಲಿ ಯಾರ ಪಕ್ಕ ನಿಲ್ಲುವುದು? ಲೌಟರ್‌ಫೆಲ್ಡ್‌ನ ಸಂತೆಯಲ್ಲಿ ಇನ್ನು ಮೇಲೆ ಪ್ರತಿಯೊಬ್ಬರೂ ಕೇಳಬೇಕಾದ ನಗುವಿಗೆಲ್ಲ ತಾನೇ ಕಾರಣ. ಒಲೆ ಹಚ್ಚುವ ಮನಸ್ಸಾಗದೆ ಅವಳು ಮೇಜಿನ ಮುಂದೆ ಕೋಟು ಹಾಕಿಕೊಂಡೇ ಕೂತಳು.

ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು ಕೇಳಿಸಿದವು. ವೈಗಾಂಡ್ ಯಾರನ್ನೋ ಕಳಿಸಿರಬೇಕು ಎಂದು ಅವಳು ಎದ್ದು, ಚಿಲಕ ತೆಗೆಯದೆ, ಬಾಗಿಲ ಹಿಂದೆ ನಿಂತಳು.

“ಯಾರು?”

ಆಚೆಗೆ ಏದುಸಿರು ಮಾತ್ರ. ಇಷ್ಟು ಹೊತ್ತು ಮಾತಾಡದೆ ನಿಲ್ಲುವ ಮನುಷ್ಯರು ಅವಳಿಗೆ ತಿಳಿದಂತೆ ಊರಿನಲ್ಲಿ ಯಾರೂ ಇರಲಿಲ್ಲ. ಚಿಲಕ ತೆಗೆದು ಬಾಗಿಲನ್ನು ಒಂದು ಬೆರಳಗಲ ಸರಿಸಿದಳು.

ಗೆರ್ಲಿಂಡ ನಿಂತಿದ್ದಳು. ಕಣ್ಣು ಊದಿತ್ತು, ತುಟಿ ಬಿಗಿದಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹೆಂಗಸು ಒಂದು ಮಾತೂ ಆಡದೆ, ಬಟ್ಟೆ ಸುತ್ತಿದ ಪಾತ್ರೆಯನ್ನು ಮುಂದಕ್ಕೆ ಚಾಚಿದಳು. ಒಳಗೆ ಈರುಳ್ಳಿಸೊಪ್ಪು ಹಾಕಿದ ಆಲೂಗಡ್ಡೆ ಕಡುಬು, ಇನ್ನೂ ಹಬೆಯಾಡುತ್ತಿತ್ತು. ಒಟ್ಟೀಲಿಯ ಬಾಗಿಲನ್ನು ಪೂರ್ತಿ ತೆರೆದು, ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡಳು.